ಕಾರಿನ ಮೇಲೆ ಸರ್ಫ್‌ಬೋರ್ಡ್ ಕಟ್ಟುವವರ ಮನೆಗೆ ಶೆಡ್ ಬಾಗಿಲು ಎಷ್ಟು ಎತ್ತರ ಇರಬೇಕು? ಅಳತೆಯಿಂದ ಶಟರ್‌ವರೆಗೆ

ಮೂಲ್ಕಿ, ಸಸಿಹಿತ್ಲು, ಪಣಂಬೂರು ಕಡೆ ಅಲೆಗೆ ಹೋಗುವವರು ಮನೆ ಕಟ್ಟಿಸುವಾಗ ಪದೇ ಪದೇ ಒಂದೇ ಕಡೆ ಎಡವುತ್ತಾರೆ. ಕಾರಿನ ಎತ್ತರ ನೋಡಿ ಬಾಗಿಲು ಇಡಿಸುತ್ತಾರೆ. ಗೃಹಪ್ರವೇಶ ಮುಗಿದ ಮೇಲೆ ಮೊದಲ ಭಾನುವಾರ ಬೋರ್ಡ್ ಕಟ್ಟಿಕೊಂಡು ಬಂದಾಗ ಕಾರು ಬಾಗಿಲಲ್ಲೇ ನಿಲ್ಲುತ್ತದೆ. ಆಮೇಲೆ ಫೋನ್ ಬರುತ್ತದೆ: "ಲಿಂಟಲ್ ಸ್ವಲ್ಪ ಒಡೆಯಬಹುದಾ?"

ಲಿಂಟಲ್ ಅಂದರೆ ಬಾಗಿಲ ಮೇಲೆ ಅಡ್ಡ ಬರುವ ಕಾಂಕ್ರೀಟ್ ಬೀಮ್. ಅದನ್ನು ಒಡೆಯಬಾರದು. ಅದಕ್ಕೇ ಈ ಬರಹ. ನಮ್ಮಲ್ಲಿ ಗ್ಯಾರೇಜ್ ಅಂದರೆ ರಿಪೇರಿ ಅಂಗಡಿ, ಮನೆಯದು ಕಾರ್ ಶೆಡ್. ಹಾಗಾಗಿ ಇಲ್ಲಿಯೂ ಶೆಡ್ ಎಂದೇ ಬರೆಯುತ್ತೇನೆ. ಪ್ಯಾಡಲ್ ಬೋರ್ಡ್ ಇದ್ದವರಿಗೂ, ಕ್ಯಾರಿಯರ್ ಮೇಲೆ ಪ್ಲೈವುಡ್ ತರುವ ಬಡಗಿಗಳಿಗೂ ಲೆಕ್ಕ ಇದೇ.

ಕೆಲಸ ಯಾವ ಸರದಿಯಲ್ಲಿ ನಡೆಯುತ್ತದೆ ಅನ್ನೋದು ಇಲ್ಲಿ ತುಂಬಾ ಮುಖ್ಯ. ಮೊದಲು ಕಾರು, ಆಮೇಲೆ ನೆಲ, ಆಮೇಲೆ ಶಟರ್, ಕೊನೆಗೆ ಲಿಂಟಲ್. ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಲಿಂಟಲ್ ಮೊದಲು ಬೀಳುತ್ತದೆ, ಶಟರ್‌ನವರು ಕೊನೆಗೆ ಬರುತ್ತಾರೆ.

ಬೇಕಾಗುವ ಸಾಮಾನು

5 ಮೀಟರ್ ಸ್ಟೀಲ್ ಟೇಪ್. ಮೇಸ್ತ್ರಿಗಳ ಬಳಿ ಇರುವ 6 ಅಡಿಯ ಅಲ್ಯೂಮಿನಿಯಂ ಪಟ್ಟಿ. ರಸಮಟ್ಟ. ನೀರು ತುಂಬುವ ಲೆವೆಲ್ ಪೈಪ್. ಸೀಮೆಸುಣ್ಣ. ಒಂದು ಉದ್ದದ ಪಿವಿಸಿ ಪೈಪ್. ಜೊತೆಗೆ ನಿಮ್ಮದೇ ಕಾರು, ನಿಮ್ಮದೇ ಕ್ಯಾರಿಯರ್, ನಿಮ್ಮದೇ ಬೋರ್ಡು. ಕಂಪನಿಯ ಬ್ರೋಷರ್ ಇದ್ದರೆ ಇರಲಿ, ಅದರ ಮೇಲೆ ಭರವಸೆ ಇಟ್ಟು ಬಾಗಿಲು ಇಡಬೇಡಿ.

ಹಂತ 1: ಕಟ್ಟಿದ ಬೋರ್ಡಿನ ಜೊತೆಗೇ ಕಾರನ್ನು ಅಳೆಯಿರಿ

ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಕಾರು ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ ಇರಲಿ. ಒಳಗೆ ಯಾರೂ ಕೂತಿರಬಾರದು, ಡಿಕ್ಕಿ ಖಾಲಿ ಇರಲಿ. ಕಾರು ಖಾಲಿ ಇದ್ದಾಗಲೇ ಅದರ ಎತ್ತರ ಜಾಸ್ತಿ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಒಂದು ಬೆಳಿಗ್ಗೆ ಐದು ಜನ ಕೂತು ಶೆಡ್ಡಿನಿಂದ ಹೊರಟೆವು. ಬೋರ್ಡ್ ಮೇಲಿದ್ದರೂ ಎಲ್ಲಿಯೂ ತಾಗಲಿಲ್ಲ. ವಾಪಸ್ ಬಂದಾಗ ಉಳಿದ ನಾಲ್ವರು ಒದ್ದೆ ಬಟ್ಟೆ, ಬ್ಯಾಗ್ ಎತ್ತಿಕೊಂಡು ಗೇಟಿನ ಹತ್ತಿರವೇ ಇಳಿದರು. ಭಾರ ಇಳಿದದ್ದೇ ಕಾರು ಒಂದೂವರೆ ಇಂಚು ಮೇಲೆದ್ದಿತ್ತು. ನಾನು ಒಬ್ಬನೇ ಒಳಗೆ ತಂದೆ. "ಟಕ್" ಎಂದು ಒಂದೇ ಸದ್ದು. ಇಳಿದು ನೋಡಿದರೆ ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೆ ನಿಲ್ಲುವ ಫಿನ್ ಮಲಗಿತ್ತು, ಅದರ ಬುಡದ ಬಾಕ್ಸ್ ಬಿಳಿ ಫೋಮ್ ಸಮೇತ ಕಿತ್ತು ಬಂದಿತ್ತು. ಬೆಳಿಗ್ಗೆ ಹೋದದ್ದು ಸಂಜೆ ಬರುತ್ತದೆ ಅಂತ ಲೆಕ್ಕ ಇಡಬಾರದು, ಅಲ್ವಾ?

ಈಗ ಅಳತೆ. ಬೋರ್ಡನ್ನು ನೀವು ಯಾವಾಗಲೂ ಕಟ್ಟುವ ರೀತಿಯಲ್ಲೇ ಕಟ್ಟಿ. ಸಾಮಾನ್ಯವಾಗಿ ನಿಲ್ಲುವ ಮುಖ ಕೆಳಗೆ, ಫಿನ್ ಮೇಲೆ, ಫಿನ್ ಇರುವ ತುದಿ ಮುಂದೆ. ಹೀಗೆ ಕಟ್ಟಿದಾಗ ಬೋರ್ಡಿನ ಬಾಗು ಕೆಳಮುಖವಾಗುತ್ತದೆ, ಗಾಳಿ ಎತ್ತುವುದು ಕಡಿಮೆ. ಆದರೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಎತ್ತರದ ಬಿಂದು ಆ ಫಿನ್ ತುದಿಯೇ ಆಗುತ್ತದೆ. ಅಲ್ಯೂಮಿನಿಯಂ ಪಟ್ಟಿಯನ್ನು ಫಿನ್ ತುದಿಗೆ ತಾಗಿಸಿ ಅಡ್ಡ ಹಿಡಿಯಿರಿ, ರಸಮಟ್ಟ ಇಟ್ಟು ಸಮ ಮಾಡಿ, ಪಟ್ಟಿಯ ಎರಡೂ ತುದಿಯಿಂದ ನೆಲಕ್ಕೆ ಅಳೆಯಿರಿ. ಎರಡರಲ್ಲಿ ದೊಡ್ಡದನ್ನು ಬರೆದಿಡಿ. ಇದಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡಿದರೆ ಟೇಪ್ ಬಾಗಿ ಅಳತೆ ತಪ್ಪುತ್ತದೆ.

ಕಾರು ಕೈಗೆ ಬರುವ ಮೊದಲೇ ಮನೆ ಕಟ್ಟಿಸುತ್ತಿದ್ದರೆ ಹೀಗೆ ಕೂಡಿಸಿ. ಇನ್ನೋವಾ ಕ್ರಿಸ್ಟಾ ಎತ್ತರ 1795 ಮಿ.ಮೀ. ಕ್ಯಾರಿಯರ್ ಸರಳುಗಳಿಗೆ ಸುಮಾರು 120. ಪ್ಯಾಡ್‌ಗೆ 30. 9 ಅಡಿಯ ಲಾಂಗ್‌ಬೋರ್ಡ್ ದಪ್ಪ 75. ಅದರ ನಡುವಿನ ಫಿನ್ 9 ಇಂಚು, ಅಂದರೆ 230. ಒಟ್ಟು 2250 ಮಿ.ಮೀ. ಒಂದರ ಮೇಲೊಂದು ಎರಡು ಬೋರ್ಡ್ ಕಟ್ಟುವವರು ಇನ್ನೂ 85 ಸೇರಿಸಿ: 2335.

ಕ್ರೆಟಾ ಆದರೆ 1635ರಿಂದ ಶುರು, ಒಂದು ಬೋರ್ಡಿಗೆ 2090. ಸ್ಕಾರ್ಪಿಯೋ ಕ್ಲಾಸಿಕ್ 1995ರಿಂದಲೇ ಶುರು, ಒಂದೇ ಬೋರ್ಡಿಗೆ 2450.

ಕ್ಯಾರಿಯರ್ ಮತ್ತು ಪ್ಯಾಡಿನ ಅಂಕಿ ನಿಮ್ಮ ಸಾಮಾನಿಗೆ ತಕ್ಕಂತೆ ಬದಲಾಗುತ್ತದೆ. ಸರಳು ಇಲ್ಲದ ಮೆತ್ತನೆ ಪ್ಯಾಡ್ ಬಳಸುವವರಿಗೆ ಮೂರ್ನಾಲ್ಕು ಇಂಚು ಉಳಿಯುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು: ಫಿನ್ ಮರೆಯುವುದು. "ಬೋರ್ಡ್ ಮೂರೇ ಇಂಚು ದಪ್ಪ" ಎಂದು ಪ್ಲಾನ್ ಮಾಡುವವನಿಗೆ ಹೇಳುತ್ತಾರೆ. ಅದು ನಿಜವೇ. ಫಿನ್ 9 ಇಂಚು ಎಂದು ಯಾರೂ ಹೇಳುವುದಿಲ್ಲ.

ಹಂತ 2: ನೆಲದ ಲೆಕ್ಕ

ಬಾಗಿಲಿನ ಎತ್ತರ ಅಳೆಯಬೇಕಾದ್ದು ಮುಗಿದ ನೆಲದಿಂದ. ಕಟ್ಟುವಾಗ ಕಾಣುವುದು ಕಚ್ಚಾ ನೆಲ. ಅದರ ಮೇಲೆ ಸಿಮೆಂಟ್ ಹಾಸು, ಮೇಲೆ ಟೈಲ್ಸ್ ಅಥವಾ ಇಂಟರ್‌ಲಾಕ್ ಬಂದರೆ 3ರಿಂದ 4 ಇಂಚು ಸುಮ್ನೆ ಹೋಗುತ್ತದೆ. ಹಾಗಾಗಿ ಮೊದಲು ಮುಗಿದ ನೆಲದ ಮಟ್ಟ ಎಲ್ಲಿ ಬರುತ್ತದೆ ಎಂದು ತೀರ್ಮಾನಿಸಿ. ಲೆವೆಲ್ ಪೈಪ್ ಹಿಡಿದು ಶೆಡ್ಡಿನ ಎರಡೂ ಗೋಡೆ ಮೇಲೆ ಗೆರೆ ಎಳೆಸಿ. ಇನ್ನು ಮುಂದಿನ ಎಲ್ಲ ಅಳತೆಯೂ ಆ ಗೆರೆಯಿಂದಲೇ.

ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ಇದೆ. ಮಳೆ ನೀರು ಒಳಗೆ ಬರಬಾರದೆಂದು ಬಾಗಿಲ ಬುಡದಲ್ಲಿ ಸಣ್ಣ ದಿಬ್ಬ ಕಟ್ಟಿಸುತ್ತಾರೆ. ಒಂದು ಇಂಚೋ ಎರಡು ಇಂಚೋ. ಚಕ್ರ ಅದನ್ನು ಹತ್ತಿದಾಗ ಕಾರು ಮೇಲೇಳುತ್ತದೆ, ಅದೂ ಸರಿಯಾಗಿ ಲಿಂಟಲ್ ಆಸುಪಾಸಿನಲ್ಲೇ. ದಿಬ್ಬ ಕಟ್ಟುವುದಾದರೆ ಅದರ ಪೂರ್ತಿ ಎತ್ತರವನ್ನು ಕಾರಿನ ಲೆಕ್ಕಕ್ಕೆ ಸೇರಿಸಿ. ಅದರ ಬದಲು ಅಡ್ಡ ಚರಂಡಿ ತೋಡಿಸಿ ಮೇಲೆ ಕಬ್ಬಿಣದ ಜಾಲರಿ ಹಾಕಿಸುವುದು ನನಗೆ ಸರಿ ಕಾಣುತ್ತದೆ. ನೀರೂ ಒಳಗೆ ಬರುವುದಿಲ್ಲ, ಎತ್ತರವೂ ಉಳಿಯುತ್ತದೆ.

ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ಅದು ಏರುತ್ತಾ ಹೋಗುವ ಜಾಗ ನಿಮ್ಮದಾದರೆ, ಶೆಡ್ಡಿನ ನೆಲವನ್ನು ಈಗಲೇ ಸಾಕಷ್ಟು ಎತ್ತರಿಸಿಕೊಳ್ಳಿ. ಆಮೇಲೆ ನೀರು ನುಗ್ಗುತ್ತದೆಂದು ನೆಲ 4 ಇಂಚು ಏರಿಸಿದರೆ ಬಾಗಿಲು 4 ಇಂಚು ಗಿಡ್ಡವಾದ ಹಾಗೆಯೇ.

ಹಂತ 3: ಇಳಿಜಾರು ಕದಿಯುವ ಎತ್ತರ

ಬಹಳ ಜನ ಇದನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಸ್ವಲ್ಪ ನಿಧಾನವಾಗಿ ಓದಿ.

ರಸ್ತೆಯಿಂದ ಕೆಳಗೆ ಇಳಿದು ಒಳಹೋಗುವ ಶೆಡ್ ಎಂದುಕೊಳ್ಳಿ. ಬಾಗಿಲ ಬುಡದಲ್ಲಿ ಇಳಿಜಾರು ಮುಗಿದು ನೆಲ ಸಮವಾಗುತ್ತದೆ. ಮುಂದಿನ ಚಕ್ರ ಒಳಗೆ ಸಮ ನೆಲದಲ್ಲಿ, ಹಿಂದಿನ ಚಕ್ರ ಇನ್ನೂ ಇಳಿಜಾರಿನ ಮೇಲೆ. ಆ ಕ್ಷಣ ಕಾರು ತಗ್ಗಿನ ಮೇಲೆ ಇಟ್ಟ ಹಲಗೆಯ ಹಾಗೆ. ನಡುಭಾಗ ನೆಲದಿಂದ ಮಾಮೂಲಿಗಿಂತ ಎತ್ತರದಲ್ಲಿರುತ್ತದೆ. ಅದೇ ನಡುಭಾಗ ಲಿಂಟಲ್ ಕೆಳಗಿರುತ್ತದೆ.

ಎಷ್ಟು ಎತ್ತರ? ಕಾರಿನ ಎರಡು ಚಕ್ರಗಳ ನಡುವಿನ ದೂರವನ್ನು, ಅಂದರೆ ವೀಲ್‌ಬೇಸನ್ನು, 4ರಿಂದ ಭಾಗಿಸಿ. ಬಂದದ್ದನ್ನು ಇಳಿಜಾರಿನ ಅಂಕಿಯಿಂದ ಭಾಗಿಸಿ. 8 ಅಡಿ ಉದ್ದಕ್ಕೆ 1 ಅಡಿ ಇಳಿದರೆ ಆ ಅಂಕಿ 8. ಇನ್ನೋವಾ ಕ್ರಿಸ್ಟಾದ ವೀಲ್‌ಬೇಸ್ 2750 ಮಿ.ಮೀ. 4ರಿಂದ ಭಾಗಿಸಿದರೆ 687, 8ರಿಂದ ಭಾಗಿಸಿದರೆ 86. ಹೆಚ್ಚುಕಡಿಮೆ ಮೂರೂವರೆ ಇಂಚು. ಜಾಗ ಸಾಲದೆ 6 ಅಡಿಗೆ 1 ಅಡಿ ಇಳಿಸಿದರೆ 115 ಮಿ.ಮೀ, ನಾಲ್ಕೂವರೆ ಇಂಚು.

ರಸ್ತೆಯಿಂದ ಮೇಲೇರಿ ಒಳಬರುವ ಶೆಡ್ ಆದರೆ ಬಾಗಿಲ ಬಳಿ ಈ ತೊಂದರೆ ಇಲ್ಲ. ಖುಷಿಪಡುವ ಮೊದಲು ಗೇಟ್ ನೋಡಿ. ಏರು ಶುರುವಾಗುವ ಜಾಗದಲ್ಲೇ ಗೇಟ್ ಇದ್ದು, ಅದರ ಮೇಲೆ ಚಂದಕ್ಕೆ ಕಮಾನೋ ಹೆಂಚಿನ ಮಾಡೋ ಕಟ್ಟಿಸಿದ್ದರೆ ಅದೇ ಲೆಕ್ಕ ಅಲ್ಲಿಗೆ ಅನ್ವಯಿಸುತ್ತದೆ. ಶೆಡ್ ಬಾಗಿಲು 9 ಅಡಿ ಇಟ್ಟು ಗೇಟಿನ ಕಮಾನಿಗೆ ಬೋರ್ಡ್ ತಾಗಿಸಿಕೊಂಡ ಮನೆಯನ್ನೂ ಕಂಡಿದ್ದೇನೆ.

ಪಿವಿಸಿ ಪೈಪಿಗೆ ಇಲ್ಲಿ ಕೆಲಸ. ಇಳಿಜಾರು ಆಗಲೇ ಇದ್ದರೆ, ಬಾಗಿಲ ಜಾಗದಲ್ಲಿ ಇಬ್ಬರು ಪೈಪನ್ನು ಅಡ್ಡ ಹಿಡಿದು ನಿಲ್ಲಲಿ. ಬೋರ್ಡ್ ಕಟ್ಟಿದ ಕಾರನ್ನು ಆಮೆ ವೇಗದಲ್ಲಿ ಒಳಗೆ ತನ್ನಿ. ತಾಗುವ ಹಾಗಾದರೆ ಪೈಪ್ ಏರಿಸುತ್ತಾ ಹೋಗಲಿ. ಕೊನೆಗೆ ಪೈಪ್ ನಿಂತ ಎತ್ತರವೇ ನಿಮ್ಮ ನಿಜವಾದ ಅಳತೆ. ಇಷ್ಟು ಮಾಡಿದರೆ ಮೇಲಿನ ಭಾಗಾಕಾರ ಯಾವುದೂ ಬೇಡ.

ಹಂತ 4: ಕೈ ಬಿಡುವು ಸೇರಿಸಿ, ಅಂಕಿ ನಿಗದಿ ಮಾಡಿ

ಮೇಲೆ ಕನಿಷ್ಠ 150 ಮಿ.ಮೀ, ಅಂದರೆ 6 ಇಂಚು ಖಾಲಿ ಇರಲಿ. ಕಾರು ಕುಲುಕುತ್ತದೆ, ಸೊಂಟಪಟ್ಟಿಯಂಥ ಕಟ್ಟುವ ಬೆಲ್ಟ್‌ನ ಬಕಲ್ ಮೇಲೆದ್ದಿರುತ್ತದೆ, ನಾಳೆ ಇನ್ನೊಂದು ಬೋರ್ಡ್ ಬರುತ್ತದೆ.

ನಮ್ಮ ಉದಾಹರಣೆಗೆ ಬರೋಣ. ಇನ್ನೋವಾ, ಎರಡು ಬೋರ್ಡ್, 8ಕ್ಕೆ 1ರ ಇಳಿಜಾರು: 2335 ಮತ್ತು 86 ಮತ್ತು 150. ಒಟ್ಟು 2571. ಎಂಟೂವರೆ ಅಡಿ ಅಂದರೆ 2591, ಸಾಕು. ಇಳಿಜಾರಿಗೆ ಇದೇ 86 ಹಿಡಿದುಕೊಂಡರೆ ಕ್ರೆಟಾದ ಒಂದು ಬೋರ್ಡಿಗೆ 2326, 8 ಅಡಿ ಧಾರಾಳ. ಸ್ಕಾರ್ಪಿಯೋ ಕ್ಲಾಸಿಕ್‌ಗೆ 2686, ಅಂದರೆ 9 ಅಡಿಯೇ ಬೇಕು. ಮಾಮೂಲಿ 7 ಅಡಿ, ಅಂದರೆ 2134 ಮಿ.ಮೀ, ಇವುಗಳಲ್ಲಿ ಯಾವುದಕ್ಕೂ ಸಾಲದು. ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರೂ ಇದನ್ನು ಗಮನಿಸಿ. ಅಲ್ಲಿ ಗ್ಯಾರೇಜ್ ಬಾಗಿಲು 7 ಅಡಿ ಇರುವುದೇ ಹೆಚ್ಚು, 8 ಅಡಿಯದನ್ನು ಕೇಳಿ ಹುಡುಕಬೇಕು.

ಅಂಕಿ ಬರೆಯುವಾಗ ಒಂದು ಎಚ್ಚರಿಕೆ. "8.5" ಎಂದು ಬರೆಯಬೇಡಿ. ಕೆಲವರು ಅದನ್ನು 8 ಅಡಿ 5 ಇಂಚು ಎಂದು ಓದುತ್ತಾರೆ, ನಿಮ್ಮ ಒಂದು ಇಂಚು ಅಲ್ಲೇ ಮಾಯ. "8 ಅಡಿ 6 ಇಂಚು, 2591 ಮಿ.ಮೀ, ಮುಗಿದ ನೆಲದಿಂದ" ಎಂದು ಪೂರ್ತಿ ಬರೆಯಿರಿ. ಕಾಗದದ ಮೇಲೆ ಮಾತ್ರ ಅಲ್ಲ, ಗೋಡೆ ಮೇಲೂ.

ಹಂತ 5: ಶಟರ್ ತಿನ್ನುವ ಎತ್ತರ

ಲಿಂಟಲ್ ಹಾಕುವ ಮೊದಲೇ ಶಟರ್‌ನವರನ್ನು ಜಾಗಕ್ಕೆ ಕರೆಸಿ. ಅವರು "ಕಟ್ಟಿ ಮುಗಿಸಿ ಕರೀರಿ ಸಾರ್" ಅನ್ನುತ್ತಾರೆ. ಬಿಡಬೇಡಿ.

ರೋಲಿಂಗ್ ಶಟರ್ ಮೇಲೆ ಹೋದಾಗ ಮಾಯವಾಗುವುದಿಲ್ಲ, ಸುರುಳಿಯಾಗಿ ಅಲ್ಲೇ ಕೂರುತ್ತದೆ. 8-9 ಅಡಿ ಬಾಗಿಲಿನ ಸುರುಳಿಗೆ ಅದರ ಡಬ್ಬಿ ಸೇರಿ 14-15 ಇಂಚು ಹಿಡಿದುಕೊಳ್ಳಿ. ಇದನ್ನು ಬಾಗಿಲ ಕಂಡಿಯೊಳಗೇ, ಲಿಂಟಲ್ ಕೆಳಗೆ ಕೂರಿಸಿದರೆ ಅಷ್ಟೂ ಎತ್ತರ ಹೋಯಿತು. ಲಿಂಟಲ್ ಹಿಂದೆ, ಒಳಗೋಡೆಗೆ ಕೂರಿಸಿದರೆ ಕಂಡಿ ಪೂರ್ತಿ ಸಿಗುತ್ತದೆ, ಆದರೆ ಲಿಂಟಲ್‌ಗೂ ಮೋಲ್ಡಿಗೂ (ಕಾಂಕ್ರೀಟ್ ಚಾವಣಿಗೂ) ನಡುವೆ ಅಷ್ಟು ಜಾಗ ಇರಬೇಕು. ಇನ್ನೂ ಒಂದು: ಪೂರ್ತಿ ತೆರೆದಾಗಲೂ ಶಟರಿನ ತಳಪಟ್ಟಿ, ಹಿಡಿ, ಬೀಗದ ಕೊಂಡಿ ಸೇರಿ 4 ಇಂಚಿನಷ್ಟು ಕೆಳಗೆ ಜೋತಾಡುತ್ತವೆ. ನಿಮ್ಮ ಬಾಗಿಲಿನ ನಿಜವಾದ ಎತ್ತರ ಅಲ್ಲಿಗೆ.

ಒಂದು ಮನೆಯ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಮೇಸ್ತ್ರಿ ಎದೆ ತಟ್ಟಿ ಹೇಳಿದ: "ಹತ್ತು ಅಡಿ ಇದೆ, ಲಾರಿಯೇ ಹೋಗ್ತದೆ." ಕಚ್ಚಾ ನೆಲದಿಂದ ಮೋಲ್ಡಿನ ತಳಕ್ಕೆ 120 ಇಂಚು, ನಿಜ. ಮೋಲ್ಡಿನಿಂದ ಬೀಮ್ ಕೆಳಗೆ ಇಳಿದದ್ದು 13 ಇಂಚು. ಹಾಗಾಗಿ ಬೀಮ್ ಕೆಳಗೆ 107. ಶಟರ್ ಸುರುಳಿಯನ್ನು ಬೀಮ್ ಹಿಂದೆ ಕೂರಿಸಿದರು. ಅದು 15 ಇಂಚು, ಬೀಮ್ ಮರೆ 13 ಇಂಚೇ, ಹಾಗಾಗಿ 2 ಇಂಚು ಕೆಳಗೆ ಇಣುಕಿತು. ಉಳಿದದ್ದು 105. ತಳಪಟ್ಟಿ ಜೋತಾಡಿ 4 ಇಂಚು ಹೋಯಿತು, 101. ಟೈಲ್ಸ್ ಹಾಸು 4 ಇಂಚು ಏರಿತು, 97. ಅಂದರೆ 8 ಅಡಿ 1 ಇಂಚು. ಲಾರಿ ಬಿಡಿ, ಎರಡು ಬೋರ್ಡ್ ಕಟ್ಟಿದ ಇನ್ನೋವಾಕ್ಕೆ ನಾವು ಹಾಕಿದ ಲೆಕ್ಕಕ್ಕೆ ಇನ್ನೂ 4 ಇಂಚು ಕಮ್ಮಿ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಮೂರ್ನಾಲ್ಕು ಇಂಚು ತೆಗೆದುಕೊಂಡು ಹೋದರು.

ಹಲಗೆ ಹಲಗೆಯಾಗಿ ಮಡಚಿ ಚಾವಣಿ ಕೆಳಗೆ ಮಲಗುವ ಮೋಟಾರ್ ಬಾಗಿಲು ಹಾಕಿಸುವುದಾದರೆ, ಕಂಡಿಯ ಮೇಲೆ ಎಷ್ಟು ಜಾಗ ಬೇಕೆಂದು ಬರಹದಲ್ಲಿ ಕೇಳಿ. ತೆರೆದ ಬಾಗಿಲು ಕಾರಿನ ನೆತ್ತಿಯ ಮೇಲೆಯೇ ಮಲಗುತ್ತದೆ. ನಡುವೆ ಮೋಟಾರಿನ ಕಂಬಿ ಬೇರೆ. ಫಿನ್ ಹೋಗುವ ಸಾಲಿನಲ್ಲೇ ಆ ಕಂಬಿ ಇದ್ದರೆ ಬಾಗಿಲು ದಾಟಿದ ಬೋರ್ಡ್ ಒಳಗೆ ಸಿಕ್ಕಿಬೀಳುತ್ತದೆ.

ಎರಡು ಕದದ ಸಾದಾ ಕಬ್ಬಿಣದ ಗೇಟ್‌ಗೆ ಇವು ಯಾವುವೂ ಇಲ್ಲ. ಜಾಗ ಇದ್ದವರು ಅದನ್ನೇ ಹಾಕಿಸಲಿ ಅನ್ನೋದು ನನ್ನ ಅಭಿಪ್ರಾಯ. ಉಪ್ಪುಗಾಳಿಗೆ ಶಟರಿನ ಸ್ಪ್ರಿಂಗ್ ಹೇಗೂ ಬಹಳ ದಿನ ಬಾಳುವುದಿಲ್ಲ.

ಹಂತ 6: ಲಿಂಟಲ್ ಮಟ್ಟ

ಈಗ ಕೆಳಗಿನಿಂದ ಮೇಲಕ್ಕೆ ಕೂಡಿಸಿ. ಮುಗಿದ ನೆಲದ ಗೆರೆಯಿಂದ ನಿಮ್ಮ ಅಂಕಿ, ಅದರ ಮೇಲೆ ತಳಪಟ್ಟಿಯ 4 ಇಂಚು. ಶಟರ್ ಕಂಡಿಯೊಳಗೆ ಬರುವುದಾದರೆ ಸುರುಳಿಯ 15 ಇಂಚು. 8 ಅಡಿ 6 ಇಂಚು ಬೇಕಾದವರಿಗೆ ಲಿಂಟಲ್ ತಳ 10 ಅಡಿ 1 ಇಂಚಿಗೆ ಹೋಗುತ್ತದೆ. ಅಷ್ಟು ಎತ್ತರ ಎಲ್ಲಾ ಮನೆಯಲ್ಲೂ ಬರುವುದಿಲ್ಲ. ಆಗ ಸುರುಳಿಯನ್ನು ಹಿಂದೆ ಕೂರಿಸಿ, ಶೆಡ್ಡಿನ ಮೋಲ್ಡನ್ನೇ ಸ್ವಲ್ಪ ಮೇಲೆ ಒಯ್ಯಬೇಕು. ಮಹಡಿಯ ಮೆಟ್ಟಿಲು, ಪಕ್ಕದ ಕೋಣೆಯ ಮಟ್ಟ ಎಲ್ಲಾ ಬದಲಾಗುತ್ತದೆ. ಇದು ಕಾಗದದ ಮೇಲೆ ಇರುವಾಗಲೇ ಎಂಜಿನಿಯರ್ ಹತ್ತಿರ ಕೂತು ಮಾಡುವ ಕೆಲಸ.

ಬೀಮಿನ ಕಾಂಕ್ರೀಟ್ ಹಿಡಿಯುವ ಶಟ್ಟರಿಂಗ್ ಹಲಗೆ ಹೊಡೆದ ದಿನ ನೀವೇ ಹೋಗಿ. ಗೋಡೆಯ ಗೆರೆಯಿಂದ ಹಲಗೆಗೆ ಎಡ, ನಡು, ಬಲ ಮೂರು ಕಡೆ ಅಳೆಯಿರಿ. ಕಾಂಕ್ರೀಟ್ ಬಿದ್ದ ಮೇಲೆ ಈ ಅಳತೆಗೆ ಬೆಲೆ ಇಲ್ಲ. ಸಜ್ಜೆ ಬಾಗಿಲಿನ ಮುಂದೆ ಚಾಚುತ್ತಿದ್ದರೆ ಅದರ ತಳವನ್ನೂ ಅಳೆಯಿರಿ, ಏಕೆಂದರೆ ಇಳಿಜಾರಿನ ಮೇಲೆ ಇರುವ ಕಾರು ಮೊದಲು ಭೇಟಿಯಾಗುವುದು ಸಜ್ಜೆಯನ್ನು.

ಹಂತ 7: ಉದ್ದ, ಡಿಕ್ಕಿ, ಸೆನ್ಸರ್

ಎತ್ತರ ಮುಗಿಯಿತು ಎಂದು ಎದ್ದು ಹೋಗಬೇಡಿ. ಸಣ್ಣ ಕಾರಿನ ಮೇಲೆ 11 ಅಡಿಯ ಪ್ಯಾಡಲ್ ಬೋರ್ಡ್ ಕಟ್ಟಿದರೆ ಹಿಂದೆ ಬಂಪರ್ ದಾಟಿ ಚಾಚಬಹುದು. ಮೋಟಾರ್ ಬಾಗಿಲಿನ ಸೆನ್ಸರ್ ಇರುವುದು ನೆಲದಿಂದ ಅರ್ಧ ಅಡಿ ಮೇಲೆ. ಅದು ಚಕ್ರವನ್ನು, ಮಗುವನ್ನು, ನಾಯಿಯನ್ನು ನೋಡುತ್ತದೆ. ಆರೇಳು ಅಡಿ ಮೇಲೆ ಚಾಚಿಕೊಂಡ ಬೋರ್ಡಿನ ತುದಿ ಅದಕ್ಕೆ ಕಾಣುವುದಿಲ್ಲ. ಬಾಗಿಲು ನೇರ ಬೋರ್ಡಿನ ಮೇಲೆ ಇಳಿಯುತ್ತದೆ. ಕಾರಿನ ಉದ್ದವನ್ನಷ್ಟೇ ಅಲ್ಲ, ಕಾರಿನ ಮೂತಿಯಿಂದ ಹಿಂದೆ ಚಾಚಿದ ಬೋರ್ಡಿನ ತುದಿಯವರೆಗೆ ಅಳೆದು ಶೆಡ್ಡಿನ ಉದ್ದ ಇಡಿ.

ಡಿಕ್ಕಿ ಬಾಗಿಲನ್ನು ಒಳಗೆ ಒಮ್ಮೆ ತೆರೆದು ನೋಡಿ. ಮೇಲಕ್ಕೆ ತೆರೆಯುವ ಬಾಗಿಲು ಹಿಂದಕ್ಕೆ ಚಾಚಿದ ಬೋರ್ಡಿಗೂ ತಾಗಬಹುದು, ಚಾವಣಿಯ ಟ್ಯೂಬ್‌ಲೈಟಿಗೂ ತಾಗಬಹುದು.

ಬಾಗಿಲು ಆಗಲೇ ಗಿಡ್ಡವಾಗಿದ್ದರೆ

ಮೊದಲು ಖರ್ಚಿಲ್ಲದ್ದು. ನಡುವಿನ ಫಿನ್ ಬಿಚ್ಚಿ, 9 ಇಂಚು ಸಿಕ್ಕಿತು. ಒಂದು ಸ್ಕ್ರೂ ಅಥವಾ ಒಂದು ಸಣ್ಣ ಅಲೆನ್ ಕೀ, ಅಷ್ಟೇ. ಸಮುದ್ರದ ದಂಡೆಯಲ್ಲೇ ಬಿಚ್ಚಿ ಕಾರಿನ ಬಾಗಿಲ ಜೇಬಿಗೆ ಹಾಕಿಕೊಳ್ಳಿ. ಎರಡನೆಯದು, ಬೋರ್ಡುಗಳನ್ನು ಒಂದರ ಮೇಲೊಂದು ಕಟ್ಟುವ ಬದಲು ಅಗಲ ಸಾಲಿದರೆ ಪಕ್ಕಪಕ್ಕ ಕಟ್ಟಿ. ಮೂರನೆಯದು, ಜಾಗ ಇದ್ದರೆ ಇಳಿಜಾರನ್ನು ಉದ್ದ ಮಾಡಿ, 6ಕ್ಕೆ 1 ಇದ್ದದ್ದು 12ಕ್ಕೆ 1 ಆದರೆ ಕದ್ದ ಎತ್ತರದಲ್ಲಿ ಅರ್ಧ ವಾಪಸ್. ಆಮೇಲೆ ಶಟರ್ ತೆಗೆದು ಗೇಟ್ ಹಾಕಿಸುವುದು.

ಬೀಮ್ ಕೆತ್ತುವುದು, ಲಿಂಟಲ್ ತಳವನ್ನು "ಸ್ವಲ್ಪ" ಒಡೆಯುವುದು ಈ ಪಟ್ಟಿಯಲ್ಲೇ ಇಲ್ಲ. ಬೀಮಿನ ತಳದ ಒಂದೆರಡು ಇಂಚಿನೊಳಗೇ ಮುಖ್ಯ ಕಂಬಿಗಳಿರುತ್ತವೆ. ಮನೆಯ ಭಾರ ಹೊತ್ತಿರುವುದು ಅವೇ. ಕಂಬಿ ಬಯಲಾದರೆ ಉಪ್ಪುಗಾಳಿ ಉಳಿದ ಕೆಲಸ ಮುಗಿಸುತ್ತದೆ.

ನಿಜ ಹೇಳಬೇಕೆಂದರೆ ಎಷ್ಟೋ ಮನೆಗಳಿಗೆ ಎತ್ತರದ ಬಾಗಿಲೇ ಬೇಡ. ಪಕ್ಕದ ಗೋಡೆಗೆ, ಸಜ್ಜೆ ಕೆಳಗೆ, ಎರಡು ಚಾಚು ಕಂಬಿ ಹೊಡೆಸಿ ಬೋರ್ಡನ್ನು ಹೊರಗೇ ಇಳಿಸಿಬಿಡಿ. ಹೇಗೂ ಮರಳು ತೊಳೆಯಬೇಕಲ್ಲ. ನಲ್ಲಿ ಅಲ್ಲೇ ಇದ್ದರಾಯಿತು.

ಎಚ್ಚರಿಕೆಯ ಗುರುತುಗಳು

ತಳಪಟ್ಟಿಯ ಬಣ್ಣದ ಮೇಲೆ ಉದ್ದನೆಯ ಗೀರು ಕಂಡರೆ ಏನೋ ಆಗಲೇ ಸವರಿಕೊಂಡು ಹೋಗುತ್ತಿದೆ. ಕಾರಿನ ಆಂಟೆನಾ "ಟಿಕ್ ಟಿಕ್" ಎಂದರೂ ಅಷ್ಟೇ. ಶಟರ್ ಮೊದಲಿನ ಹಾಗೆ ತುದಿಗೆ ಹೋಗಿ ನಿಲ್ಲದೆ ಒಂದೆರಡು ಇಂಚು ಕೆಳಗೆ ಜಾರಿ ನಿಂತರೆ ಸ್ಪ್ರಿಂಗ್ ಸಡಿಲವಾಗಿದೆ. ಮಳೆಗಾಲ ಮುಗಿದ ಮೇಲೆ ಇದು ಜಾಸ್ತಿ. ಹೊಸ ಟೈರ್ ಹಾಕಿಸಿದಾಗ, ಸಸ್ಪೆನ್ಷನ್ ಎತ್ತರಿಸಿದಾಗ, ಕ್ಯಾರಿಯರ್ ಬದಲಿಸಿದಾಗ ಹಂತ 1ನ್ನು ಮತ್ತೆ ಮಾಡಿ.

ಕೊನೆಗೆ ಉಳಿದ ಪಿವಿಸಿ ಪೈಪ್. ಬಾಗಿಲಿಗಿಂತ ಒಂದು ಕಾರಿನ ಉದ್ದ ಮುಂದೆ, ಬಾಗಿಲಿನ ನಿಜವಾದ ಎತ್ತರಕ್ಕಿಂತ 2 ಇಂಚು ಕೆಳಗೆ, ಎರಡು ಸರಪಳಿಯಲ್ಲಿ ಅದನ್ನು ಅಡ್ಡ ತೂಗುಹಾಕಿ. ದಾರಿ ಇಳಿಜಾರಾಗಿದ್ದರೆ ಆ ಎತ್ತರವನ್ನು ಪೈಪಿನ ನೇರ ಕೆಳಗಿನ ನೆಲದಿಂದ ಅಳೆಯಿರಿ, ಹಂತ 3ರಲ್ಲಿ ಬಂದ ಇಂಚುಗಳನ್ನೂ ಅದರಿಂದ ಕಳೆಯಿರಿ. ಹಳದಿ ಬಣ್ಣ ಬಳಿಯಿರಿ. ಬೋರ್ಡ್ ಪೈಪಿಗೆ ತಾಗಿ ಅದು ಅಲ್ಲಾಡಿತೆಂದರೆ ಬ್ರೇಕ್ ಒತ್ತಿ, ಇಳಿದು ಫಿನ್ ಬಿಚ್ಚಿ.